ಮಗುವಿನ ಸ್ವಭಾವ ಅಂತ ಬರೆದುಕೊಳ್ಳುವ ಮೊದಲು

ಇವನಿಗೆ ತಾಳ್ಮೆಯೇ ಇಲ್ಲ. ಇವಳು ಮಹಾ ಹಟಮಾರಿ. ಇವನು ಸ್ವಲ್ಪ ಮಂಕು, ಅವಳು ಚುರುಕು. ಈ ಮಗು ಹುಟ್ಟಿದಾಗಿನಿಂದಲೂ ಹೀಗೇ. ಚಿಕ್ಕ ಮಕ್ಕಳ ಬಗ್ಗೆ ನಾವು ದೊಡ್ಡವರು ಎಷ್ಟು ಬೇಗ ತೀರ್ಪು ಕೊಟ್ಟುಬಿಡುತ್ತೇವೆ ಅಲ್ವಾ? ಇನ್ನೂ ಮೂರು ವರ್ಷ ತುಂಬಿರುವುದಿಲ್ಲ, ಆಗಲೇ ಅದರ ಹೆಸರಿನ ಜೊತೆಗೆ ಒಂದು ಗುಣ ಅಂಟಿಕೊಂಡಿರುತ್ತದೆ.

ಮಕ್ಕಳ ಆರೋಗ್ಯ, ಕಲಿಕೆ, ಬೆಳವಣಿಗೆಯ ಮೇಲೆ ನಡೆದ ಸಂಶೋಧನೆಗಳನ್ನು ನಾನು ತುಂಬಾ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅದು ನನ್ನ ಕೆಲಸವೇನೂ ಅಲ್ಲ, ಸುಮ್ನೆ ಹತ್ತಿಕೊಂಡ ಆಸಕ್ತಿ. ಓದಿದಷ್ಟೂ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ನಾವು ಮಗುವಿನ ಗುಣ ಅಂದುಕೊಂಡದ್ದು ಎಷ್ಟೋ ಸಲ ಆ ಮಗು ಇರುವ ಪರಿಸ್ಥಿತಿ ಆಗಿರುತ್ತದೆ. ಯಾವಾಗಲೂ ಹಾಗೇ ಅಂತ ಹೇಳಲಾರೆ, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಜಾಸ್ತಿ ಸಲ ಹಾಗಿರುತ್ತದೆ.

ಮಾರ್ಷ್‌ಮೆಲೋ ಪರೀಕ್ಷೆಯ ಕಥೆ ನೀವೂ ಕೇಳಿರುತ್ತೀರಿ. ಮಗುವಿನ ಮುಂದೆ ಒಂದು ಸಿಹಿ ಇಟ್ಟು, ನಾನು ವಾಪಸ್ ಬರುವ ತನಕ ತಿನ್ನದೆ ಕಾದರೆ ಎರಡು ಕೊಡುತ್ತೇನೆ ಅಂತ ಹೇಳಿ ಕೋಣೆಯಿಂದ ಆಚೆ ಹೋಗುವುದು. ವಾಲ್ಟರ್ ಮಿಷೆಲ್ 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ ಇಂಥ ಪ್ರಯೋಗಗಳನ್ನು ಮಾಡಿದರು. ಹೆಚ್ಚು ಹೊತ್ತು ಕಾದ ಮಕ್ಕಳು ಹದಿಹರೆಯಕ್ಕೆ ಬಂದಾಗ ಪರೀಕ್ಷೆಗಳಲ್ಲೂ ಮುಂದಿದ್ದರು ಅನ್ನುವ ಫಲಿತಾಂಶ ಬಂದ ಮೇಲೆ ಕಥೆ ಲೋಕದಲ್ಲೆಲ್ಲ ಹಬ್ಬಿತು. ನಾಲ್ಕು ವರ್ಷದ ಮಗುವಿನ ಸಂಯಮ ನೋಡಿದರೆ ಅದರ ಭವಿಷ್ಯ ಗೊತ್ತಾಗುತ್ತದೆ ಅಂತ ಜನ ನಂಬಿದರು. ಎಷ್ಟೋ ಅಪ್ಪ ಅಮ್ಮಂದಿರು ಮನೆಯಲ್ಲೇ ಈ ಪರೀಕ್ಷೆ ಮಾಡಿ ನೋಡಿ, ಮಗು ತಿಂದುಬಿಟ್ಟಿತು ಅಂತ ಕಂಗಾಲಾಗಿದ್ದಾರೆ.

ಸೆಲೆಸ್ಟ್ ಕಿಡ್ ಎಂಬ ಸಂಶೋಧಕಿ ಓದುವ ದಿನಗಳಲ್ಲಿ ಮನೆಯಿಲ್ಲದ ಕುಟುಂಬಗಳ ಆಶ್ರಯ ಕೇಂದ್ರವೊಂದರಲ್ಲಿ ಸ್ವಯಂಸೇವಕಿಯಾಗಿದ್ದರು. ಅಲ್ಲಿ ಕೈಯಲ್ಲಿರುವ ವಸ್ತುವನ್ನು ಇನ್ನೊಬ್ಬರು ಯಾವ ಕ್ಷಣದಲ್ಲಾದರೂ ಕಿತ್ತುಕೊಳ್ಳಬಹುದು. ಅಂಥ ಕಡೆ ಬೆಳೆದ ಮಗು ಸಿಹಿ ಸಿಕ್ಕ ತಕ್ಷಣ ತಿನ್ನದೆ ಇನ್ನೇನು ಮಾಡೀತು ಅನ್ನುವ ಪ್ರಶ್ನೆ ಅವರಿಗೆ ಹುಟ್ಟಿತು. ಮುಂದೆ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅವರು ಮತ್ತು ಸಂಗಡಿಗರು ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರರಿಂದ ಐದು ವರ್ಷದ 28 ಮಕ್ಕಳು. ಮೊದಲು ಮಗುವಿಗೆ ಚಿತ್ರ ಬಿಡಿಸುವ ಕೆಲಸ. ಎದುರಿಗೆ ಬಳಸಿ ಸವೆದ ಕ್ರೇಯಾನ್‌ಗಳು. ಇವನ್ನೇ ಬಳಸಬಹುದು, ಇಲ್ಲವೇ ನಾನು ಹೊಸದನ್ನು ತರುವ ತನಕ ಕಾಯಬಹುದು ಅಂತ ಹೇಳಿ ದೊಡ್ಡವರು ಆಚೆ ಹೋಗುತ್ತಾರೆ. ಅರ್ಧದಷ್ಟು ಮಕ್ಕಳಿಗೆ ನಿಜಕ್ಕೂ ಒಳ್ಳೆಯ ಸಾಮಗ್ರಿ ಬರುತ್ತದೆ. ಉಳಿದ ಅರ್ಧಕ್ಕೆ ಬರೀ ಕೈ, ಕ್ಷಮಿಸು, ಇಲ್ಲ ಅನ್ನುವ ಉತ್ತರ. ಆಮೇಲೆ ಸ್ಟಿಕರ್ ವಿಷಯದಲ್ಲೂ ಇದೇ ಆಟ. ಇಷ್ಟಾದ ಮೇಲೆ ಮಾರ್ಷ್‌ಮೆಲೋ ಬರುತ್ತದೆ. ಕೊಟ್ಟ ಮಾತು ಉಳಿಸಿಕೊಂಡವರ ಮುಂದೆ ಕೂತ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಕೂತವರು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14ರಲ್ಲಿ 9 ಮಕ್ಕಳು, ಎರಡನೇ ಗುಂಪಿನ 14ರಲ್ಲಿ ಒಂದೇ ಒಂದು.

ಅಂದರೆ ಎರಡು ಸಲ ಮಾತು ತಪ್ಪಿದ್ದಕ್ಕೇ ಮಗುವಿನ 'ತಾಳ್ಮೆ' ಕಾಲು ಭಾಗಕ್ಕೆ ಇಳಿಯಿತು. ಆ ಮಕ್ಕಳಲ್ಲಿ ತಾಳ್ಮೆ ಕಡಿಮೆ ಇತ್ತು ಅಂತ ಹೇಳಲು ಆಗುತ್ತದಾ? ಅವು ಲೆಕ್ಕ ಹಾಕಿದವು. ಈ ಮನುಷ್ಯ ಹೇಳಿದ್ದು ಮಾಡಲ್ಲ, ಇರೋದನ್ನು ತಿಂದುಬಿಡೋಣ ಅಂತ. 28 ಮಕ್ಕಳು ಸಣ್ಣ ಸಂಖ್ಯೆ, ಅದೊಂದರಿಂದ ದೊಡ್ಡ ಮಾತು ಆಡಬಾರದು. ಆದರೆ 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಸುಮಾರು 900 ಮಕ್ಕಳ ಮಾಹಿತಿ ಇಟ್ಟುಕೊಂಡು ಮಿಷೆಲ್ ಅವರ ಹಳೆಯ ಫಲಿತಾಂಶವನ್ನೇ ಪರೀಕ್ಷಿಸಿದರು. ಮೊದಲು ವರದಿಯಾಗಿದ್ದ ಸಂಬಂಧ ಅರ್ಧಕ್ಕೆ ಇಳಿಯಿತು. ಮನೆಯ ಹಿನ್ನೆಲೆ, ತಾಯಿಯ ಓದು ಇಂಥವನ್ನು ಲೆಕ್ಕಕ್ಕೆ ತಗೊಂಡಾಗ ಆ ಅರ್ಧವೂ ಬಹಳ ಮಟ್ಟಿಗೆ ಕರಗಿಹೋಯಿತು.

ಇದನ್ನು ಓದುವಾಗ ನನಗೆ ಗೊತ್ತಿರುವ ಒಂದು ಮನೆಯ ಹುಡುಗ ನೆನಪಾಗುತ್ತಾನೆ. ನಾಲ್ಕು ವರ್ಷದವನು. ಕರೆದರೆ ತಿರುಗುತ್ತಿರಲಿಲ್ಲ. ಶಾಲೆಯಿಂದ ದೂರು, ಮನೆಯಲ್ಲಿ ಬೈಗುಳ, ಮಾತೇ ಕೇಳಲ್ಲ ಇವನು ಅಂತ. ವಿಚಿತ್ರ ಅಂದರೆ ಕೆಲವು ದಿನ ಚೆನ್ನಾಗಿ ಕೇಳುತ್ತಿದ್ದ, ಹಾಗಾಗಿ ಬೇಕಂತಲೇ ಮಾಡುತ್ತಾನೆ ಅನ್ನುವ ಅನುಮಾನ ಇನ್ನಷ್ಟು ಗಟ್ಟಿಯಾಗಿತ್ತು. ಕೊನೆಗೆ ಕಿವಿ ತೋರಿಸಿದಾಗ ಎರಡೂ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಂಡಿರುವುದು ಗೊತ್ತಾಯಿತು. ನೋವಿಲ್ಲ, ಜ್ವರ ಇಲ್ಲ, ಸೋರುವುದೂ ಇಲ್ಲ. ಶಬ್ದ ಮಾತ್ರ ನೀರಿನೊಳಗಿಂದ ಬಂದ ಹಾಗೆ ಮಂದವಾಗಿ ಕೇಳುತ್ತದೆ. ನೆಗಡಿ ಹೆಚ್ಚಾದಾಗ ಜಾಸ್ತಿ, ಕಡಿಮೆಯಾದಾಗ ಕಡಿಮೆ. ಚಿಕ್ಕ ಮಕ್ಕಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಹತ್ತು ವರ್ಷ ತುಂಬುವುದರೊಳಗೆ ಹತ್ತರಲ್ಲಿ ಎಂಟು ಮಕ್ಕಳಿಗೆ ಒಮ್ಮೆಯಾದರೂ ಬಂದು ಹೋಗಿರುತ್ತದೆ. ಬಹಳಷ್ಟು ಸಲ ತಾನಾಗಿಯೇ ವಾಸಿಯಾಗುತ್ತದೆ. ತಿಂಗಳುಗಟ್ಟಲೆ ನಿಂತರೆ ಮಾತು ಕಲಿಯುವ ವಯಸ್ಸಿನಲ್ಲಿ ಅದು ಸಣ್ಣ ವಿಷಯವಲ್ಲ. ಆ ಹುಡುಗನನ್ನು ತಿಂಗಳುಗಟ್ಟಲೆ ಎಲ್ಲರೂ ಮೊಂಡ ಅಂತಲೇ ನೋಡಿದರು. ಅವನು ಏನು ಹೇಳಿಕೊಳ್ಳಬಲ್ಲ? ತನಗೆ ಕಡಿಮೆ ಕೇಳುತ್ತಿದೆ ಅಂತ ಗೊತ್ತಾಗಬೇಕಾದರೆ ಜಾಸ್ತಿ ಕೇಳುವುದು ಹೇಗಿರುತ್ತದೆ ಅಂತ ಗೊತ್ತಿರಬೇಕಲ್ಲ.

ಮಗು ತನ್ನ ಸ್ಥಿತಿಯನ್ನು ತಾನೇ ಹೇಳಲಾರದು, ಈ ಸಂಶೋಧನೆಯ ಮೊದಲ ಕಷ್ಟವೇ ಅದು. ಹಾಗಾಗಿ ಹೇಳದೆಯೂ ಗೊತ್ತಾಗುವ ದಾರಿ ಹುಡುಕಬೇಕು. ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಹುಡುಕಿದ ದಾರಿ ಹಾಲುಹಲ್ಲು. ಸೀಸ ಮೆದುಳಿಗೆ ವಿಷ ಅಂತ ಆಗಲೇ ಗೊತ್ತಿತ್ತು, ಆದರೆ ಕಾಯಿಲೆ ಬೀಳುವಷ್ಟು ಸೀಸ ಒಳಗೆ ಹೋದವರಿಗೆ ಮಾತ್ರ ಅಪಾಯ ಅನ್ನುವ ನಂಬಿಕೆ ಇತ್ತು. ರಕ್ತ ಪರೀಕ್ಷೆ ಮಾಡಿದರೆ ಇತ್ತೀಚೆಗೆ ಒಳಹೋದ ಸೀಸ ಮಾತ್ರ ಕಾಣುತ್ತದೆ. ಹಲ್ಲಿನಲ್ಲಿ ಹಾಗಲ್ಲ, ಅಲ್ಲಿ ಸುಣ್ಣದ ಜೊತೆ ಸೀಸವೂ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಬಾಸ್ಟನ್ ಪಕ್ಕದ ಚೆಲ್ಸಿ ಮತ್ತು ಸಾಮರ್‌ವಿಲ್ ಊರುಗಳ ಒಂದನೇ, ಎರಡನೇ ತರಗತಿಯ ಮಕ್ಕಳಿಂದ ಅವರು ಬಿದ್ದುಹೋದ ಹಲ್ಲುಗಳನ್ನು ಸಂಗ್ರಹಿಸಿದರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಹಲ್ಲು ಕೊಟ್ಟರು. ಆ ಮಕ್ಕಳ ಬಗ್ಗೆ ಟೀಚರ್‌ಗಳಿಗೆ ಕೆಲವು ಸರಳ ಪ್ರಶ್ನೆಗಳನ್ನೂ ಕೇಳಿದರು. ಗಮನ ಬೇಗ ಚದುರುತ್ತದಾ? ಹಿಡಿದ ಕೆಲಸ ಮುಗಿಸುತ್ತದಾ? ಹೇಳಿದ ಸೂಚನೆ ಪಾಲಿಸುತ್ತದಾ? ಹಲ್ಲಿನಲ್ಲಿ ಎಷ್ಟು ಸೀಸ ಇದೆ ಅಂತ ಟೀಚರ್‌ಗಳಿಗೆ ಗೊತ್ತಿರಲಿಲ್ಲ.

1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೀಸ ಏರುತ್ತಾ ಹೋದಂತೆ ಟೀಚರ್‌ಗಳ ದೂರೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗಿತ್ತು. ಚಂಚಲ, ಅಸ್ತವ್ಯಸ್ತ, ಕೆಲಸ ಪೂರ್ತಿ ಮಾಡಲ್ಲ. ಒಬ್ಬ ಮಗುವಿಗೂ ಸೀಸದ ಕಾಯಿಲೆಯ ಲಕ್ಷಣ ಇರಲಿಲ್ಲ. ಹೆಚ್ಚು ಸೀಸ ಇದ್ದವರ ಬುದ್ಧಿಮತ್ತೆಯ ಅಂಕಗಳೂ ಕಡಿಮೆ ಇದ್ದವು. ಅದೇ ಮಕ್ಕಳನ್ನು ಹನ್ನೊಂದು ವರ್ಷದ ನಂತರ ಮತ್ತೆ ಹುಡುಕಿ ನೋಡಿದಾಗ, ಹೆಚ್ಚು ಸೀಸ ಇದ್ದವರು ಶಾಲೆ ಬಿಡುವ ಸಾಧ್ಯತೆ ಸುಮಾರು ಏಳು ಪಟ್ಟು ಹೆಚ್ಚಿತ್ತು. ಪೆಟ್ರೋಲಿನಿಂದ, ಗೋಡೆಯ ಬಣ್ಣದಿಂದ ಬಂದದ್ದು ಮಗುವಿನ ಶಾಲೆಯ ದಾಖಲೆಯಲ್ಲಿ ಅದರ ಸ್ವಭಾವವಾಗಿ ಬರೆದುಕೊಂಡಿತ್ತು! ಸೀಸದ ಉದ್ಯಮದ ಪರ ಸಾಕ್ಷಿ ಹೇಳುತ್ತಿದ್ದವರು ನೀಡಲ್‌ಮನ್ ಮೇಲೆ ಸಂಶೋಧನೆಯಲ್ಲಿ ಅಕ್ರಮದ ಆರೋಪವನ್ನೂ ಹೊರಿಸಿದರು, ವಿಚಾರಣೆಗಳು ನಡೆದವು, ಅವರು ಆರೋಪದಿಂದ ಮುಕ್ತರಾದರು. ಸುರಕ್ಷಿತ ಅನ್ನಬಹುದಾದ ಸೀಸದ ಮಟ್ಟವೇ ಗೊತ್ತಿಲ್ಲ ಅಂತ ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಆ ಹಲ್ಲುಗಳ ವರದಿ ಬಂದು 42 ವರ್ಷ ಆಗಿತ್ತು.

ಎತ್ತರದ ವಿಷಯಕ್ಕೆ ಬರೋಣ. ನಮ್ಮ ವಂಶದವರೇ ಕುಳ್ಳು, ಆ ದೇಶದವರೇ ಎತ್ತರ, ಅದೆಲ್ಲ ರಕ್ತದಲ್ಲಿ ಬಂದದ್ದು ಅನ್ನುವ ಮಾತಿದೆಯಲ್ಲ, ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಬಹಳ ಶ್ರದ್ಧೆಯಿಂದ ಪರೀಕ್ಷೆ ಮಾಡಿತು. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಒಂದೊಂದು ಊರಿನಲ್ಲಿ ಒಟ್ಟು ಸುಮಾರು 8,500 ಮಕ್ಕಳನ್ನು ಅಳೆದರು. ಒಂದು ಷರತ್ತು ಇತ್ತು. ಎದೆಹಾಲು ಕುಡಿಯುವ, ತಾಯಿ ಸಿಗರೇಟು ಸೇದದ, ಬೆಳವಣಿಗೆಗೆ ಅಡ್ಡಿ ಬರುವಂಥ ಬಡತನ ಇಲ್ಲದ ಮನೆಯ ಮಕ್ಕಳನ್ನು ಮಾತ್ರ ಆರಿಸಿದರು. ಹಾಗೆ ನೋಡಿದಾಗ ಮಕ್ಕಳ ಉದ್ದದಲ್ಲಿ ಕಂಡ ವ್ಯತ್ಯಾಸದಲ್ಲಿ ಊರಿಂದ ಊರಿಗೆ ಇದ್ದದ್ದು ಬರೀ ಶೇ 3ರಷ್ಟು. ಶೇ 70ರಷ್ಟು ವ್ಯತ್ಯಾಸ ಒಂದೇ ಊರಿನ ಒಂದು ಮಗುವಿಗೂ ಇನ್ನೊಂದು ಮಗುವಿಗೂ ನಡುವೆ ಇತ್ತು. ಅನುಕೂಲ ಸಿಕ್ಕರೆ ಮೊದಲ ಐದು ವರ್ಷ ಎಲ್ಲ ಕಡೆಯ ಮಕ್ಕಳೂ ಹೆಚ್ಚು ಕಡಿಮೆ ಒಂದೇ ರೀತಿ ಬೆಳೆಯುತ್ತಾರೆ. 2006ರಲ್ಲಿ ಬಂದ ಬೆಳವಣಿಗೆಯ ಚಾರ್ಟ್‌ಗಳು ಈ ಮಕ್ಕಳದ್ದೇ. ತೂಕ ನೋಡಿ ಡಾಕ್ಟರ್ ಚುಕ್ಕೆ ಇಡುತ್ತಾರಲ್ಲ, ಆ ಗೆರೆಗಳ ಹಿಂದೆ ಇಷ್ಟು ದೊಡ್ಡ ಮಾತಿದೆ. ನನ್ನ ಪ್ರಕಾರ ಮಕ್ಕಳ ಬಗ್ಗೆ ನಡೆದ ಸಂಶೋಧನೆಗಳಲ್ಲೇ ಅತ್ಯಂತ ಮುಖ್ಯವಾದವುಗಳಲ್ಲಿ ಇದೊಂದು, ಮತ್ತು ಅದರ ಬಗ್ಗೆ ಮಾತಾಡುವವರು ತುಂಬಾ ಕಡಿಮೆ.

ಅದೇ ಅಧ್ಯಯನದ ಇನ್ನೊಂದು ಭಾಗ ಅಪ್ಪ ಅಮ್ಮಂದಿರ ಎದೆ ಹಗುರ ಮಾಡುವಂಥದ್ದು. ಆರೋಗ್ಯವಂತ ಮಕ್ಕಳು ಒಬ್ಬರೇ ನಡೆಯಲು ಶುರುಮಾಡುವ ವಯಸ್ಸು ಸುಮಾರು 8 ತಿಂಗಳಿಂದ 17 ತಿಂಗಳು ದಾಟುವವರೆಗೂ ಹರಡಿಕೊಂಡಿದೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡುವುದೇ ಇಲ್ಲ, ನೇರ ಎದ್ದು ನಡೆಯುತ್ತವೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ನಿದ್ದೆ ಕೆಡಿಸಿಕೊಳ್ಳುವವರು ಇದನ್ನು ಓದಬೇಕು.

ಸರಿ, ಪರಿಸ್ಥಿತಿ ಮಗುವನ್ನು ಹಿಡಿದಿಡುತ್ತದೆ ಅಂತ ಒಪ್ಪಿದೆವು. ಹಾಗಾದರೆ ಪರಿಸ್ಥಿತಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ಮಗು ಬದಲಾಗುತ್ತದಾ? ಎಷ್ಟು ಕಾಲ? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಜಮೈಕಾದಿಂದ ಬಂದದ್ದು. ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಎಂಬ ವೈದ್ಯೆ 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡವರ ಬಡಾವಣೆಗಳಲ್ಲಿ 9ರಿಂದ 24 ತಿಂಗಳ ವಯಸ್ಸಿನ, ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳನ್ನು ಆರಿಸಿಕೊಂಡರು. ನಾಲ್ಕು ಗುಂಪು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಪೌಷ್ಟಿಕ ಆಹಾರ. ಇನ್ನೊಂದು ಗುಂಪಿಗೆ ಆಟ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಮಾಮೂಲಿ ಆರೋಗ್ಯ ಸೇವೆ ಮಾತ್ರ. ಎರಡು ವರ್ಷ ಹೀಗೇ ನಡೆಯಿತು.

ಆಟ ಅಂದರೆ ಏನು ಅಂತ ನೋಡಿ. ವಾರಕ್ಕೆ ಒಂದು ಸಲ, ಒಂದು ಗಂಟೆ, ಆರೋಗ್ಯ ಕಾರ್ಯಕರ್ತೆಯೊಬ್ಬಳು ಮನೆಗೆ ಬರುತ್ತಾಳೆ. ಡಾಕ್ಟರ್ ಅಲ್ಲ, ಮನಶ್ಶಾಸ್ತ್ರಜ್ಞೆ ಅಲ್ಲ, ತರಬೇತಿ ಪಡೆದ ಅದೇ ಸಮುದಾಯದ ಹೆಂಗಸು. ಚೀಲದಲ್ಲಿ ಕೈಯಲ್ಲೇ ಮಾಡಿದ ಆಟಿಕೆಗಳು. ಖಾಲಿ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಗಿಲಕಿ, ಬಟ್ಟೆಯ ಗೊಂಬೆ, ಮರದ ತುಂಡು, ಚಿತ್ರ ಬಿಡಿಸಿದ ಪುಸ್ತಕ. ನೆಲದ ಮೇಲೆ ಕೂತು ಮಗುವಿನ ಜೊತೆ ಆಡುತ್ತಾಳೆ. ಆದರೆ ಮುಖ್ಯ ಕೆಲಸ ತಾಯಿಗೆ. ಹೀಗೆ ಆಡಿಸಿ, ಹೀಗೆ ಹೆಸರು ಹೇಳಿ, ಮಗು ಏನಾದರೂ ಮಾಡಿದಾಗ ಹೊಗಳಿ, ಅದು ತೋರಿಸಿದ್ದರ ಬಗ್ಗೆ ಮಾತಾಡಿ ಅಂತ ತೋರಿಸಿಕೊಡುತ್ತಾಳೆ. ಹೋಗುವಾಗ ಆಟಿಕೆ ಅಲ್ಲೇ ಬಿಟ್ಟು ಹೋಗುತ್ತಾಳೆ, ಮುಂದಿನ ವಾರ ಬಂದು ಬೇರೆ ಕೊಟ್ಟು ಹಳೆಯದನ್ನು ಒಯ್ಯುತ್ತಾಳೆ. ಇಷ್ಟೇ.

ಇಪ್ಪತ್ತು ವರ್ಷ ಆದ ಮೇಲೆ ಅದೇ ಮಕ್ಕಳನ್ನು ಹುಡುಕಿಕೊಂಡು ಹೋದರು. ಬೇರೆ ದೇಶಗಳಿಗೆ ಹೋಗಿ ನೆಲೆಸಿದವರನ್ನೂ ಬಿಡಲಿಲ್ಲ. 129ರಲ್ಲಿ 105 ಜನ ಸಿಕ್ಕರು. ಆಟ ಸಿಕ್ಕಿದ್ದ ಗುಂಪಿನವರ ದುಡಿಮೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಮೊದಲಿಂದಲೂ ಸರಿಯಾದ ಎತ್ತರವಿದ್ದ ನೆರೆಹೊರೆಯ ಮಕ್ಕಳು ದೊಡ್ಡವರಾಗಿ ಎಷ್ಟು ದುಡಿಯುತ್ತಿದ್ದರೋ ಇವರೂ ಅಷ್ಟೇ ದುಡಿಯುತ್ತಿದ್ದರು. 2014ರಲ್ಲಿ ಈ ವರದಿ ಬಂದಾಗ ನಾನು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ವಾರಕ್ಕೆ ಒಂದು ಗಂಟೆ!

ಹಾಲಿನ ಪುಡಿ ಮಾತ್ರ ಸಿಕ್ಕ ಗುಂಪಿನ ಕಥೆ ಬೇರೆ. ಶುರುವಿನಲ್ಲಿ ಅವರಿಗೂ ಲಾಭ ಆಗಿತ್ತು, ಆದರೆ ದೊಡ್ಡವರಾಗುವಷ್ಟರಲ್ಲಿ ಅದು ಉಳಿಯಲಿಲ್ಲ. ಇದನ್ನು ಹಿಡಿದುಕೊಂಡು ಊಟಕ್ಕಿಂತ ಆಟ ಮುಖ್ಯ ಅಂತ ಹೇಳುವವರಿದ್ದಾರೆ, ನಾನು ಒಪ್ಪಲ್ಲ. ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಇನ್ನೊಂದು ಅಧ್ಯಯನ ನಡೆದಿತ್ತು. ಎರಡು ಹಳ್ಳಿಗೆ ಪ್ರೋಟೀನ್ ಇರುವ ಗಂಜಿಯಂಥ ಪಾನೀಯ, ಇನ್ನೆರಡಕ್ಕೆ ಪ್ರೋಟೀನ್ ಇಲ್ಲದ ಸಿಹಿ ಪಾನೀಯ. ಎರಡು ವರ್ಷದೊಳಗೆ ಆ ಗಂಜಿ ಸಿಕ್ಕ ಗಂಡುಮಕ್ಕಳು ಬೆಳೆದು ದುಡಿಯುವಾಗ ಗಂಟೆಗೆ ಪಡೆಯುತ್ತಿದ್ದ ಕೂಲಿ ಶೇ 46ರಷ್ಟು ಜಾಸ್ತಿ ಇತ್ತು. ಅಲ್ಲಿ ಊಟ ಗೆದ್ದಿತು. ಮಗುವಿನ ಹೊಟ್ಟೆಯೂ ಮೆದುಳೂ ಬೇರೆ ಬೇರೆ ಇಲಾಖೆಗೆ ಸೇರಿದವಲ್ಲ, ಅವನ್ನು ಬೇರೆ ಮಾಡಿದ್ದು ನಾವು. ಆರೋಗ್ಯಕ್ಕೆ ಒಂದು ಯೋಜನೆ, ಕಲಿಕೆಗೆ ಇನ್ನೊಂದು ಯೋಜನೆ, ಎರಡರ ಅಧಿಕಾರಿಗಳಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವುದಿಲ್ಲ. ನನಗೆ ತುಂಬಾ ಬೇಸರ ತರುವ ವಿಷಯ ಇದು.

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ನಡೆದ ಅಧ್ಯಯನದ ಬಗ್ಗೆ ಬರೆಯುವುದು ಕಷ್ಟ. ಆ ದೇಶದಲ್ಲಿ ಚೌಶೆಸ್ಕು ಆಡಳಿತ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತು, ಜನಸಂಖ್ಯೆ ಹೆಚ್ಚಬೇಕು ಅಂತ. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳಿಗೆ ಬಂದರು. 1989ರಲ್ಲಿ ಆ ಆಡಳಿತ ಬಿದ್ದಾಗ ಅಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಸಾಲು ಸಾಲು ತೊಟ್ಟಿಲು, ಪಾಳಿಯಲ್ಲಿ ಬದಲಾಗುವ ಸಿಬ್ಬಂದಿ, ಅತ್ತರೆ ಎತ್ತಿಕೊಳ್ಳುವವರಿಲ್ಲ. ಅತ್ತು ಪ್ರಯೋಜನ ಇಲ್ಲ ಅಂತ ಕಲಿತ ಮಕ್ಕಳು ಅಳುವುದನ್ನೇ ಬಿಟ್ಟಿದ್ದರು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಸಂಶೋಧಕರು ಅಲ್ಲಿ 136 ಮಕ್ಕಳನ್ನು ಪರೀಕ್ಷಿಸಿ, ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಉಳಿದರ್ಧ ಮಕ್ಕಳ ಆರೈಕೆ ಮೊದಲಿನಂತೆ ಮುಂದುವರಿಯಿತು.

ಉಳಿದರ್ಧ ಮಕ್ಕಳ ಗತಿ ಏನು ಅಂತ ಕೇಳದವರಿಲ್ಲ, ಕೇಳಲೇಬೇಕು. ಆಗ ಊರಲ್ಲಿ ಸಾಕು ಕುಟುಂಬದ ವ್ಯವಸ್ಥೆಯೇ ಇರಲಿಲ್ಲ ಅನ್ನಬಹುದು, ಅಧ್ಯಯನದ ಹಣದಿಂದಲೇ ಅದನ್ನು ಕಟ್ಟಿದರು, ಎಲ್ಲರಿಗೂ ಸಾಲುವಷ್ಟು ಮನೆ ಸಿಗಲಿಲ್ಲ. ಅಧ್ಯಯನಕ್ಕೋಸ್ಕರ ಯಾವ ಮಗುವನ್ನೂ ಅನಾಥಾಲಯದಲ್ಲಿ ಹಿಡಿದಿಡಬಾರದು ಅನ್ನುವ ನಿಯಮ ಇತ್ತು. ಯಾರಾದರೂ ಕರೆದುಕೊಂಡು ಹೋಗಲು ಮುಂದೆ ಬಂದರೆ ಮಗು ಹೋಗುತ್ತಿತ್ತು. ಇಷ್ಟೆಲ್ಲ ಓದಿದ ಮೇಲೂ ನನಗೆ ಕಸಿವಿಸಿ ಹೋಗಿಲ್ಲ. ಆದರೆ ಸಿಕ್ಕ ಉತ್ತರ ಸ್ಪಷ್ಟ. ಮನೆಗೆ ಹೋದ ಮಕ್ಕಳ ಬುದ್ಧಿಮತ್ತೆ ಏರಿತು, ಅದರಲ್ಲೂ ಎರಡು ವರ್ಷದೊಳಗೆ ಹೋದವರದ್ದು ಜಾಸ್ತಿ. ಎತ್ತರ, ತೂಕವೂ ಹೆಚ್ಚಿತು. ನೋಡಿಕೊಳ್ಳುವವರ ಅಕ್ಕರೆ ಎಷ್ಟಿತ್ತು ಅನ್ನುವುದಕ್ಕೂ ಮಗು ಎಷ್ಟು ಬೆಳೆಯಿತು ಅನ್ನುವುದಕ್ಕೂ ಸಂಬಂಧ ಇತ್ತು. ಎರಡು ವರ್ಷದೊಳಗಿನ ಮಕ್ಕಳನ್ನು ತೀವ್ರ ಅಂಗವೈಕಲ್ಯ ಇದ್ದಾಗ ಬಿಟ್ಟು ಅನಾಥಾಲಯಕ್ಕೆ ಸೇರಿಸುವಂತಿಲ್ಲ ಅನ್ನುವ ಕಾನೂನು ಆ ದೇಶದಲ್ಲಿ 2005ರಿಂದ ಜಾರಿಗೆ ಬಂತು. ಅಲ್ಲಿಗೆ ಮೊದಲು ಆ ಮಕ್ಕಳನ್ನು ನೋಡಿದವರಲ್ಲಿ ಎಷ್ಟೋ ಜನ ಇವರು ಹುಟ್ಟಿನಿಂದಲೇ ಮಂದಬುದ್ಧಿಯವರು ಅಂತ ನಂಬಿದ್ದರು.

ಮಾತು ಕಲಿಯುವ ವಿಷಯದಲ್ಲೂ ಮನುಷ್ಯರ ಸಂಗವೇ ದೊಡ್ಡದು. ಜಾನೆಟ್ ವರ್ಕರ್ 1984ರಲ್ಲಿ ತೋರಿಸಿದ ಒಂದು ಸಂಗತಿ ನಮಗಂತೂ ತಕ್ಷಣ ಅರ್ಥವಾಗುತ್ತದೆ. ತ ಮತ್ತು ಟ ನಡುವಿನ ವ್ಯತ್ಯಾಸ ಇಂಗ್ಲಿಷ್ ಮಾತ್ರ ಗೊತ್ತಿರುವ ದೊಡ್ಡವರ ಕಿವಿಗೆ ಬೀಳುವುದೇ ಕಷ್ಟ. ಆದರೆ ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಕೂಸುಗಳಿಗೆ ಅದು ಗೊತ್ತಾಗುತ್ತಿತ್ತು. ಕೂಸು ಅಮ್ಮನ ತೊಡೆ ಮೇಲೆ ಕೂತಿರುತ್ತದೆ, ಸ್ಪೀಕರ್‌ನಿಂದ ಹಿಂದಿಯ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಅಕ್ಷರ ಬದಲಾದ ಕೂಡಲೇ ಕೂಸು ತಲೆ ತಿರುಗಿಸಿದರೆ ಪಕ್ಕದ ಡಬ್ಬಿಯೊಳಗೆ ದೀಪ ಹತ್ತಿ ಆಟಿಕೆಯ ಪ್ರಾಣಿ ಕುಣಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ಈ ಶಕ್ತಿ ಹೆಚ್ಚು ಕಡಿಮೆ ಹೋಗಿಬಿಡುತ್ತದೆ. ಸುತ್ತ ಕೇಳದ ಶಬ್ದವನ್ನು ಕಿವಿ ಬಿಟ್ಟುಕೊಡುತ್ತದೆ. ಹಾಗಾದರೆ ಕೇಳಿಸಿದರೆ ಸಾಕಾ? 2003ರಲ್ಲಿ ಪೆಟ್ರೀಷಿಯಾ ಕೂಲ್ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಭಾಷೆ ಆಡುವವರನ್ನು 25 ನಿಮಿಷದಂತೆ 12 ಸಲ ಆಡಲು ಬಿಟ್ಟರು. ಆ ಕೂಸುಗಳು ಮ್ಯಾಂಡರಿನ್ ಶಬ್ದಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಆದರೆ ಟೀವಿಯಲ್ಲಿ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಪರದೆಗೆ ಕೂಸಿನ ಕಣ್ಣು ಎತ್ತ ಹೋಯಿತು ಅಂತ ಗೊತ್ತಾಗಲ್ಲ, ಎದುರಿಗೆ ಕೂತ ಮನುಷ್ಯರಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಭಯ ನನಗಿದೆ. ಪರಿಸ್ಥಿತಿ ಅಂದ ತಕ್ಷಣ ಜನ ಅದನ್ನು ತಾಯಿ ಅಂತ ಓದಿಕೊಳ್ಳುತ್ತಾರೆ. ಮಗು ಮಾತಾಡಲ್ವಾ, ತಾಯಿ ಮಾತಾಡಿಸಿಲ್ಲ. ತೂಕ ಏರಲ್ವಾ, ತಾಯಿ ತಿನ್ನಿಸಿಲ್ಲ. ಬಡ ಮನೆಯ ಮಕ್ಕಳು ಮೂರು ವರ್ಷಕ್ಕೆ ಮೂರು ಕೋಟಿ ಪದ ಕಡಿಮೆ ಕೇಳಿರುತ್ತಾರೆ ಅನ್ನುವ ಲೆಕ್ಕ 1995ರಲ್ಲಿ ಬಂದು ಬಹಳ ಪ್ರಸಿದ್ಧವಾಯಿತು. ಅದು ಬಂದದ್ದು ಬರೀ 42 ಕುಟುಂಬಗಳಿಂದ, ಅವುಗಳಲ್ಲಿ ಸರ್ಕಾರಿ ನೆರವಿನ ಮೇಲೆ ಬದುಕುತ್ತಿದ್ದವು ಆರೇ ಆರು. ಅಷ್ಟರ ಮೇಲೆ ಲೋಕದ ಬಡ ತಾಯಂದಿರೆಲ್ಲ ಮೌನಿಗಳು ಅನ್ನುವ ತೀರ್ಪು! 2018ರಲ್ಲಿ ರೇಚಲ್ ರೋಮಿಯೋ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ ಮೆದುಳಿನ ಭಾಷೆಯ ಭಾಗದ ಚಟುವಟಿಕೆಗೆ ಹೊಂದಿಕೊಂಡದ್ದು ಪದಗಳ ಎಣಿಕೆಯಲ್ಲ, ಮಗು ಒಂದು ಮಾತು, ದೊಡ್ಡವರು ಒಂದು ಮಾತು ಹೀಗೆ ನಡೆಯುವ ಸರದಿ. ಅದಕ್ಕೆ ಸಮಯ ಬೇಕು. ಎರಡು ಪಾಳಿ ದುಡಿದು ಬರುವ ಹೆಂಗಸಿಗೆ ಆ ಸಮಯ ಕೊಡಬೇಕಾದವರು ಯಾರು ಅನ್ನುವ ಪ್ರಶ್ನೆಯೂ ಮಗುವಿನ ಬೆಳವಣಿಗೆಯ ಪ್ರಶ್ನೆಯೇ.

ಆಟಿಸಂ ವಿಷಯದಲ್ಲಂತೂ ಘೋರ ಅನ್ಯಾಯ ಆಗಿದೆ. ತಾಯಿ ತಣ್ಣಗಿನ ಸ್ವಭಾವದವಳು, ಪ್ರೀತಿ ಕೊಡಲಿಲ್ಲ, ಅದಕ್ಕೇ ಮಗು ಹೀಗಾಯಿತು ಅಂತ 1960ರ ದಶಕದಲ್ಲಿ ಬ್ರೂನೋ ಬೆಟಲ್‌ಹೈಮ್ ಅಂಥ ಮನೋತಜ್ಞರು ಅಧಿಕಾರವಾಣಿಯಲ್ಲಿ ಹೇಳುತ್ತಿದ್ದರು. ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು 1964ರಲ್ಲಿ ಅದನ್ನು ಗಟ್ಟಿಯಾಗಿ ಪ್ರಶ್ನಿಸಿದರು, ಅವರ ಮಗನಿಗೇ ಆಟಿಸಂ ಇತ್ತು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ 21 ಅವಳಿ ಜೋಡಿಗಳನ್ನು ನೋಡಿ ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಅಂತ ತೋರಿಸಿದರು. ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರು ಮಾಡದ ತಪ್ಪಿಗೆ ವರ್ಷಗಟ್ಟಲೆ ಕೊರಗಿದ್ದರು. ಹಾಗಾಗಿ ಹುಟ್ಟಿನಿಂದ ಬರುವುದೇನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಾಚಿಕೆಯ ಮಗು, ಗದ್ದಲದ ಮಗು, ಬೆಳಕಿಗೆ ಬೆಚ್ಚುವ ಮಗು, ಇದೆಲ್ಲ ಇದೆ. ಯಾವುದು ಏನು ಅಂತ ಹೇಳುವ ಮೊದಲು ನೋಡಬೇಕು ಅಷ್ಟೇ.

ನೋಡದೆ ಹೇಳಿದ್ದಕ್ಕೆ ಎಂಥ ಬೆಲೆ ತೆರಬೇಕಾಗುತ್ತದೆ ಅನ್ನುವುದಕ್ಕೆ ಇನ್ನೊಂದೇ ಸಂಗತಿ. ಕೂಸುಗಳನ್ನು ಬೋರಲು ಮಲಗಿಸಿ, ಅಂಗಾತ ಮಲಗಿದರೆ ವಾಂತಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ದಶಕಗಳ ಕಾಲ ವೈದ್ಯರೂ ಪುಸ್ತಕಗಳೂ ಸಲಹೆ ಕೊಟ್ಟರು. ಕೇಳಲು ಸರಿ ಅನ್ನಿಸುವ ಸಲಹೆ. ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ಸಾಯುವುದು ಹೆಚ್ಚು ಅನ್ನಲು 1970ರ ಹೊತ್ತಿಗೇ ಸಾಕಷ್ಟು ಪುರಾವೆ ಪ್ರಕಟವಾಗಿತ್ತು, ಆದರೆ ಅಲ್ಲೊಂದು ಇಲ್ಲೊಂದು ಬಿದ್ದಿದ್ದ ಆ ವರದಿಗಳನ್ನು ಯಾರೂ ಒಟ್ಟಿಗೆ ಇಟ್ಟು ಓದಲಿಲ್ಲ. ಅಂಗಾತ ಮಲಗಿಸಿ ಅನ್ನುವ ಪ್ರಚಾರ ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು. ಅಮೆರಿಕದಲ್ಲಿ ಇಂಥ ಸಾವುಗಳು ಅರ್ಧಕ್ಕೆ ಇಳಿದವು. 1970ರಲ್ಲೇ ಪುರಾವೆ ಒಟ್ಟು ಮಾಡಿದ್ದರೆ ಬ್ರಿಟನ್ ಒಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಕೂಸುಗಳು ಉಳಿಯಬಹುದಿತ್ತು ಅಂತ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಲೆಕ್ಕ ಕೊಟ್ಟರು. ಹೊಸ ಸಂಶೋಧನೆಗೆ ಸಿಗುವ ಮರ್ಯಾದೆ, ಆಗಲೇ ಗೊತ್ತಿರುವುದನ್ನು ಕೂತು ಒಟ್ಟುಮಾಡುವ ಕೆಲಸಕ್ಕೂ ಸಿಗಬೇಕು.

ಈಗ ನನ್ನನ್ನು ಕಾಡುತ್ತಿರುವುದು ಕೊಲಂಬಿಯಾ. ಜಮೈಕಾದ ಆ ಒಂದು ಗಂಟೆಯ ಆಟವನ್ನು ಅಲ್ಲಿ 2010ರ ಆಸುಪಾಸಿನಲ್ಲಿ ದೊಡ್ಡದಾಗಿ ಮಾಡಿ ನೋಡಿದರು. 96 ಊರು, 1,420 ಮಕ್ಕಳು, ಮನೆಗೆ ಹೋಗಿ ಆಡಿಸಿದವರು ಅದೇ ಊರುಗಳ ಹೆಂಗಸರು. 18 ತಿಂಗಳ ನಂತರ ಮಕ್ಕಳ ಕಲಿಕೆಯಲ್ಲಿ ಸುಧಾರಣೆ ಕಂಡಿತು. ಭೇಟಿ ನಿಂತು ಎರಡು ವರ್ಷ ಆದ ಮೇಲೆ ನೋಡಿದರೆ ವ್ಯತ್ಯಾಸವೇ ಉಳಿದಿರಲಿಲ್ಲ. ಕೆಲವರು ಇಲ್ಲಿಗೆ ಪುಸ್ತಕ ಮುಚ್ಚಿದರು. ನನಗೆ ಮುಚ್ಚಲು ಮನಸ್ಸಿಲ್ಲ, ಯಾಕೆಂದರೆ ಅಮೆರಿಕದ ಮಿಷಿಗನ್‌ನ ಪೆರಿ ಎಂಬ ಶಿಶುವಿಹಾರದಲ್ಲಿ 1962ರಲ್ಲಿ ಶುರುವಾದ ಅಧ್ಯಯನದಲ್ಲೂ ಹೀಗೇ ಆಗಿತ್ತು. ಅಧ್ಯಯನದ 123 ಮಕ್ಕಳಲ್ಲಿ ಶಿಶುವಿಹಾರಕ್ಕೆ ಹೋದವರ ಬುದ್ಧಿಮತ್ತೆಯ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿಹೋಗಿ, ಎಲ್ಲ ದಂಡ ಅನ್ನುವ ಮಾತು ಬಂದಿತ್ತು. ಅದೇ ಜನಕ್ಕೆ 40 ವರ್ಷ ಆದಾಗ ನೋಡಿದರೆ ಶಿಶುವಿಹಾರಕ್ಕೆ ಹೋಗಿದ್ದವರು ಹೋಗದವರಿಗಿಂತ ಹೆಚ್ಚು ದುಡಿಯುತ್ತಿದ್ದರು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ ಇದ್ದರು. ಕೊಲಂಬಿಯಾದ ಮಕ್ಕಳು ಈಗಿನ್ನೂ ಹದಿಹರೆಯದಲ್ಲಿದ್ದಾರೆ. ಅವರಿಗೆ ಮೂವತ್ತು ತುಂಬುವ ತನಕ ಪ್ರತಿ ಕೆಲವು ವರ್ಷಕ್ಕೊಮ್ಮೆ ಹುಡುಕಿಕೊಂಡು ಹೋಗಲು ಯಾರಾದರೂ ದುಡ್ಡು ಇಡಬೇಕು, ಮತ್ತು ಅಷ್ಟರೊಳಗೆ ಅವರ ಶಾಲೆ ಹೇಗಿತ್ತು, ಮನೆಯವರ ದುಡಿಮೆ ಹೇಗಿತ್ತು, ಭೇಟಿ ನಿಂತ ಮೇಲೆ ಆಟಿಕೆಗಳ ಜಾಗದಲ್ಲಿ ಏನು ಬಂತು ಅನ್ನುವುದನ್ನೂ ಬರೆದಿಡಬೇಕು.